ಕಾಲಿನ ರಕ್ತನಾಳದ ಕಾಯಿಲೆ: ವಿಮೆ ಕಾರ್ಡ್ ಎಲ್ಲಿಯವರೆಗೆ ಕಾಪಾಡುತ್ತದೆ?

ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುವ ನೆರವಿನ ಮನವಿಗಳನ್ನು ಓದುವವರಿಗೆ ಈ ಸಾಲು ಹೊಸತಲ್ಲ: "ಶುಗರ್‌ನಿಂದ ಕಾಲಿಗೆ ಗಾಯವಾಗಿತ್ತು, ಈಗ ಕಾಲು ತೆಗೆಯಬೇಕೆಂದು ಡಾಕ್ಟರ್ ಹೇಳಿದ್ದಾರೆ, ಉದಾರ ಮನಸ್ಸಿನವರು ಸಹಾಯ ಮಾಡಿ." ಮಂಜೇಶ್ವರ, ಉಪ್ಪಳ, ಕುಂಬಳೆ, ಉಳ್ಳಾಲ, ಎಲ್ಲಿಂದ ಬಂದರೂ ಕತೆ ಹೆಚ್ಚು ಕಡಿಮೆ ಒಂದೇ. ದುಡ್ಡು ಒಟ್ಟಾಗುತ್ತದೆ, ನಮ್ಮವರು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಆದರೆ ಆ ಹೊತ್ತಿಗೆ ಕಾಲನ್ನು ಉಳಿಸುವ ಸಮಯ ದಾಟಿರುತ್ತದೆ. ದುಡ್ಡು ಬೇಕಾಗಿದ್ದದ್ದು ಒಂದು ವರ್ಷದ ಹಿಂದೆ, ಅದೂ ಇಷ್ಟು ದೊಡ್ಡ ಮೊತ್ತವಲ್ಲ.

"ಅವರ ಹತ್ತಿರ ಆರೋಗ್ಯ ಕಾರ್ಡ್ ಇರಲಿಲ್ವಾ?" ಎಂದು ಕೇಳಿದರೆ ಕೆಲವೊಮ್ಮೆ ಇಲ್ಲ ಎನ್ನುತ್ತಾರೆ, ಕೆಲವೊಮ್ಮೆ ಇತ್ತು ಎನ್ನುತ್ತಾರೆ. ಕಾರ್ಡ್ ಇದ್ದೂ ಕಾಲು ಹೋದವರಿದ್ದಾರೆ. ಇದು ಹೇಗೆ ಎಂದು ಅರ್ಥವಾಗಬೇಕಾದರೆ ಮೊದಲು ಕಾಯಿಲೆಯನ್ನು ತಿಳಿಯಬೇಕು.

ಹೃದಯದ ರಕ್ತನಾಳದಲ್ಲಿ ಬ್ಲಾಕ್ ಆಗುವುದು ಎಲ್ಲರಿಗೂ ಗೊತ್ತು. ಅದೇ ಕೊಬ್ಬು, ಅದೇ ಸುಣ್ಣ ಕಾಲಿನ ರಕ್ತನಾಳದಲ್ಲೂ ಕಟ್ಟುತ್ತದೆ. ಹಲವು ವರ್ಷದ ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟ್ರಾಲ್ ಇದಕ್ಕೆ ಕಾರಣ. ಎಲ್ಲಕ್ಕಿಂತ ಮೇಲೆ ಬೀಡಿ, ಸಿಗರೇಟು. ಶುಗರ್ ಇಲ್ಲದ, ಇನ್ನೂ 40 ದಾಟದ ಬೀಡಿ ಸೇದುವ ಗಂಡಸರಿಗೆ ಬರ್ಗರ್ಸ್ ಎಂಬ ಬೇರೆಯೇ ಒಂದು ಕಾಯಿಲೆ ಬಂದು ಬೆರಳುಗಳು ಕಪ್ಪಾಗುವುದುಂಟು. ಅದಕ್ಕೆ ಬೀಡಿ ಬಿಡುವುದಕ್ಕಿಂತ ದೊಡ್ಡ ಮದ್ದು ಇಲ್ಲ. ಯುವಕರು ಇದನ್ನು ಸ್ವಲ್ಪ ಗಮನಿಸಬೇಕು.

ಮೊದಲ ಸೂಚನೆ ನಡೆಯುವಾಗ ಸಿಗುತ್ತದೆ. ಒಂದಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಸರಿಯಾಗುತ್ತದೆ, ಮತ್ತೆ ನಡೆದರೆ ಮತ್ತೆ ನೋವು. ನಮ್ಮಲ್ಲಿ ಇದನ್ನು "ವಾತ", "ವಯಸ್ಸಾಯಿತಲ್ಲ" ಎಂದು ಎಣ್ಣೆ ಹಚ್ಚಿ ಬಿಡುತ್ತಾರೆ. ಆಮೇಲೆ ರಾತ್ರಿ ಮಲಗಿದಾಗಲೂ ಪಾದ ಉರಿಯುತ್ತದೆ, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಕಡಿಮೆಯಾಗುತ್ತದೆ. ನಂತರ ಚಪ್ಪಲಿ ಕಚ್ಚಿದ ಸಣ್ಣ ಗಾಯ ಒಣಗುವುದಿಲ್ಲ. ಶುಗರ್‌ನಿಂದ ನರಗಳೂ ಸತ್ತಿದ್ದರೆ ನೋವೇ ಗೊತ್ತಾಗುವುದಿಲ್ಲ, ಅದು ಇನ್ನೂ ಅಪಾಯ. ಸಕ್ಕರೆ ಕಾಯಿಲೆಯವರ ಕಾಲು ಕತ್ತರಿಸಿದ ಪ್ರಕರಣಗಳಲ್ಲಿ ಬಹುಪಾಲು ಇಂತಹ ಒಂದು ಸಣ್ಣ ಹುಣ್ಣಿನಿಂದಲೇ ಶುರುವಾದವು.

ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಕಿಲ್ಲ. ತೋಳಿನ ಬಿಪಿ ಮತ್ತು ಪಾದದ ಗಂಟಿನ ಹತ್ತಿರದ ಬಿಪಿ ನೋಡಿ ಹೋಲಿಸುತ್ತಾರೆ. ಪಾದದ್ದನ್ನು ತೋಳಿನದ್ದರಿಂದ ಭಾಗಿಸಿದಾಗ 0.9 ಅಥವಾ ಕಡಿಮೆ ಬಂದರೆ ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಎಂದರ್ಥ. ಶುಗರ್‌ನವರಲ್ಲಿ ರಕ್ತನಾಳ ಗಟ್ಟಿಯಾಗಿ ಈ ಲೆಕ್ಕ ತಪ್ಪು ತೋರಿಸಬಹುದು. ಆಗ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಾರೆ. ಬೇಗ ಗೊತ್ತಾದರೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಸ್ಟ್ಯಾಟಿನ್ ಮಾತ್ರೆ, ದಿನಾಲೂ ನಡಿಗೆ, ಬೀಡಿ ಬಿಡುವುದು, ಇಷ್ಟರಲ್ಲೇ ಹೆಚ್ಚಿನವರು ನಿಭಾಯಿಸುತ್ತಾರೆ. ಮುಂದುವರಿದರೆ ಬಲೂನ್ ಹಾಕಿ ನಾಳ ತೆರೆಯುವ ಆ್ಯಂಜಿಯೊಪ್ಲಾಸ್ಟಿ, ಇಲ್ಲವೇ ಬೈಪಾಸ್. ಯಾವುದಕ್ಕೂ ದಾರಿ ಇಲ್ಲದಾಗ ಕಾಲು ತೆಗೆಯುವುದು. ಅದು ಕಾಲಿನೊಂದಿಗೆ ಮುಗಿಯುವ ಮಾತೂ ಅಲ್ಲ. ಮೊಣಕಾಲಿನ ಕೆಳಗೋ ಮೇಲೋ ಕಾಲು ಕಳೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷದೊಳಗೆ ತೀರಿಕೊಳ್ಳುತ್ತಾರೆ, ಹೆಚ್ಚಿನವರು ಹೃದಯದ ಕಾಯಿಲೆಯಿಂದ. ಕಾಲಿನಲ್ಲಿ ಬ್ಲಾಕ್ ಇದ್ದವರಿಗೆ ಹೃದಯದಲ್ಲೂ ಮೆದುಳಿನಲ್ಲೂ ಇರುವ ಸಂಭವ ಹೆಚ್ಚು.

ವಿಮೆಗೆ ಇದರಲ್ಲಿ ಏನು ಕೆಲಸ?

ಅಮೆರಿಕದಲ್ಲಿ ಈ ಬಗ್ಗೆ ವರ್ಷಗಟ್ಟಲೆ ಲೆಕ್ಕ ಹಾಕಿದ್ದಾರೆ. ಅಲ್ಲಿ ವಿಮೆ ಇಲ್ಲದವರು, ಬಡವರಿಗಾಗಿ ಇರುವ ಮೆಡಿಕೈಡ್‌ನವರು ಆಸ್ಪತ್ರೆಗೆ ತಡವಾಗಿ ಬರುತ್ತಾರೆ, ಬರುವಾಗಲೇ ಗಾಯ ಕೊಳೆತಿರುತ್ತದೆ. ಒಳ್ಳೆಯ ಖಾಸಗಿ ವಿಮೆ ಇರುವವರ ಕಾಲಿಗೆ ಬಲೂನ್, ಬೈಪಾಸ್ ಸಿಗುವಾಗ ಇವರ ಕಾಲಿಗೆ ಗರಗಸ ಸಿಗುವುದು ಹೆಚ್ಚು. ಕಾಯಿಲೆ ಒಂದೇ, ಬಂದು ಮುಟ್ಟಿದ ದಿನ ಬೇರೆ.

ಅಷ್ಟು ದೂರ ಹೋಗಬೇಕೆಂದಿಲ್ಲ. ಕರ್ನಾಟಕ ಸರಕಾರ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ರಾಜ್ಯದ ಉತ್ತರ ಭಾಗದಲ್ಲಿ ಶುರು ಮಾಡಿತು, ಉಳಿದ ಕಡೆ ಆಮೇಲೆ. ಯೋಜನೆ ಬಂದ ಪ್ರದೇಶ ಮತ್ತು ಇನ್ನೂ ಬಾರದ ಪ್ರದೇಶದ ಗಡಿಯ ಆಚೆ ಈಚೆ ಇದ್ದ ಹಳ್ಳಿಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಯೋಜನೆಯಡಿ ಬರುವ ಹೃದ್ರೋಗ, ಕ್ಯಾನ್ಸರ್‌ನಂತಹ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಯೋಜನೆ ಇದ್ದ ಕಡೆ 0.32 ಶೇಕಡಾ, ಇಲ್ಲದ ಕಡೆ 0.90 ಶೇಕಡಾ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಲೆಕ್ಕ ಇದು. "ಕಾರ್ಡಿನಿಂದ ಏನು ಪ್ರಯೋಜನ?" ಎಂದು ಕೇಳುವವರಿಗೆ ಇಷ್ಟು ಸಾಕು.

ಆದರೆ ನಮ್ಮ ದೇಶದ ವಿಮೆಗೆ ಒಂದು ಗುಣವಿದೆ. ಅದಕ್ಕೆ ಆಸ್ಪತ್ರೆಯ ಮಂಚ ಮಾತ್ರ ಕಾಣುತ್ತದೆ. ರೋಗಿ ಅಡ್ಮಿಟ್ ಆದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಆಯುಷ್ಮಾನ್ ಯೋಜನೆಯಲ್ಲಿ ಅಡ್ಮಿಟ್ ಆಗುವ ಮೊದಲಿನ 3 ದಿನ, ಡಿಸ್ಚಾರ್ಜ್ ನಂತರದ 15 ದಿನಗಳ ಖರ್ಚು ಪ್ಯಾಕೇಜಿನೊಳಗೆ ಬರುತ್ತದೆ. ಹೃದಯಕ್ಕೋ ಅಪೆಂಡಿಕ್ಸಿಗೋ ಇದು ಸಾಕಾಗಬಹುದು. ಶುಗರ್‌ನವರ ಕಾಲಿನ ಹುಣ್ಣು 15 ದಿನದಲ್ಲಿ ಒಣಗುವುದಿಲ್ಲ, ಅದಕ್ಕೆ ತಿಂಗಳುಗಟ್ಟಲೆ ಬೇಕು. ದಿನ ಬಿಟ್ಟು ದಿನ ಡ್ರೆಸ್ಸಿಂಗ್, ಆಟೋ ಬಾಡಿಗೆ, ಜೊತೆಗೆ ಬರುವವರ ಒಂದು ದಿನದ ಸಂಬಳ, ಮೆತ್ತಗಿನ ವಿಶೇಷ ಚಪ್ಪಲಿ, ಪ್ರತಿ ತಿಂಗಳ ಮಾತ್ರೆ. ಮೊದಲ ಡಾಪ್ಲರ್ ಕೂಡ ಓಪಿಯಲ್ಲಿ ಮಾಡಿಸಿದರೆ ಕೈಯಿಂದಲೇ ಹೋಗಬೇಕು. ಬಡವನ ಕಾಲು ಹೋಗುವುದು ಇಲ್ಲಿ, ಈ ಸಣ್ಣ ಖರ್ಚುಗಳ ಜಾಗದಲ್ಲಿ. ಆ್ಯಂಜಿಯೊಪ್ಲಾಸ್ಟಿಗೆ ಕಾರ್ಡಿನಲ್ಲಿ ಹಣ ಸಿಕ್ಕಿ ನಾಳ ತೆರೆದವರು ಮೂರು ತಿಂಗಳ ಕ್ಲೊಪಿಡೊಗ್ರೆಲ್ ನಿಲ್ಲಿಸಿ ಮತ್ತೆ ಬ್ಲಾಕ್ ಮಾಡಿಕೊಂಡು ಬಂದರೆ ಯಾರನ್ನು ದೂರುವುದು?

ಹಾಗಾಗಿ ಸಮುದಾಯದ ನೆರವು ಎಲ್ಲಿ ಹೋಗಬೇಕು ಎಂಬುದನ್ನು ಮರುಯೋಚಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಆಪರೇಷನ್ನಿಗೆ ಸರಕಾರದ ದುಡ್ಡು ಇದೆ. ಡ್ರೆಸ್ಸಿಂಗಿಗೆ, ಡಾಪ್ಲರ್‌ಗೆ, ಚಪ್ಪಲಿಗೆ, ಮಾತ್ರೆಗೆ ಯಾರೂ ಇಲ್ಲ. ಜಮಾಅತ್ ಕಮಿಟಿಗಳು, ಯುವಕರ ಸಂಘಗಳು ರಕ್ತದಾನ ಶಿಬಿರ ನಡೆಸುವಷ್ಟೇ ಉತ್ಸಾಹದಿಂದ ವರ್ಷಕ್ಕೊಮ್ಮೆ ಪಾದ ತಪಾಸಣೆ ಶಿಬಿರ ನಡೆಸಬಹುದು. ಬಡ ಶುಗರ್ ರೋಗಿಗಳಿಗೆ ತಿಂಗಳಿಗೆ ಇಂತಿಷ್ಟು ಎಂದು ಮದ್ದಿನ ಖರ್ಚು ಕೊಡಬಹುದು. ಇದಕ್ಕೆ ಜಕಾತ್ ಹಣ ಬಳಸಬಹುದೇ, ಹೇಗೆ ಎಂಬುದನ್ನು ಉಸ್ತಾದರಲ್ಲಿ ಕೇಳಿಯೇ ಮಾಡಬೇಕು. ಕೇರಳದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿಗೆ ಉಚಿತ ಮದ್ದು ಸಿಗುತ್ತದೆ. ಉಳಿದದ್ದು ಜನೌಷಧಿ ಮತ್ತು ಕಾರುಣ್ಯ ಫಾರ್ಮಸಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅಲ್ಲಿಗೆ ಹೋಗಲು ನಾಚಿಕೆ ಪಡುವವರು ನಮ್ಮಲ್ಲಿದ್ದಾರೆ, ಅದೊಂದು ಬೇರೆಯೇ ಕಾಯಿಲೆ.

ಖರ್ಚೇ ಇಲ್ಲದ ಒಂದು ತಪಾಸಣೆ ನಮ್ಮ ಮನೆಯಲ್ಲೇ ಇದೆ. ದಿನಕ್ಕೆ ಐದು ಹೊತ್ತು ವುಝೂ ಮಾಡುವವರು ಐದು ಸಲ ಪಾದ ತೊಳೆಯುತ್ತಾರೆ, ಬೆರಳುಗಳ ನಡುವೆ ಕೈಯಾಡಿಸುತ್ತಾರೆ. ಆಗ ಒಮ್ಮೆ ಕಣ್ಣು ಹಾಯಿಸಿದರೆ ಬಿರುಕು, ಗುಳ್ಳೆ, ಬಣ್ಣ ಬದಲಾದದ್ದು ಗೊತ್ತಾಗುತ್ತದೆ. ತೊಳೆದ ಮೇಲೆ ಬೆರಳ ಸಂದಿಯನ್ನು ಒರೆಸಬೇಕು, ಒದ್ದೆ ಉಳಿದರೆ ಫಂಗಸ್ ಬರುತ್ತದೆ. ಪಾದದಲ್ಲಿ ಜೋಮು ಇರುವವರು ಬೇಸಿಗೆಯಲ್ಲಿ ಮಸೀದಿಯ ಅಂಗಳದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬಾರದು, ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಉಮ್ರಾ, ಹಜ್ಜಿಗೆ ಹೊರಟ ಶುಗರ್ ರೋಗಿಗಳು ಹೊರಡುವ ಮೊದಲು ಪಾದ ತೋರಿಸಿಯೇ ಹೋಗಲಿ. ಮನೆಯ ಹೆಂಗಸರು ಕಾಲಿನ ಗಾಯವನ್ನು ಯಾರಿಗೂ ತೋರಿಸದೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಾರೆ. ಉಮ್ಮನ ಕಾಲನ್ನು ಮಕ್ಕಳೇ ನೋಡಬೇಕು.

ಈಗ ಕಾರ್ಡುಗಳ ವಿಚಾರ. ಗಡಿ ನಾಡಿನ ನಮಗೆ ಇದು ಸ್ವಲ್ಪ ಗೋಜಲು. ಪಡಿತರ ಚೀಟಿ ಕೇರಳದ್ದು, ಆಸ್ಪತ್ರೆ ಮಂಗಳೂರಿನದ್ದು. 2020ರ ಮಾರ್ಚ್‌ನಲ್ಲಿ ರಸ್ತೆಗಳಿಗೆ ಮಣ್ಣು ಸುರಿದು ತಲಪಾಡಿ ಗಡಿ ಮುಚ್ಚಿದಾಗ ನಾವು ಎಷ್ಟು ಅವಲಂಬಿತರು ಎಂಬುದು ಎಲ್ಲರಿಗೂ ಕಂಡಿತು, ವಿಷಯ ಕೋರ್ಟಿಗೂ ಹೋಯಿತು. ರಕ್ತನಾಳದ ತಜ್ಞರು ಬೇಕೆಂದರೆ ಇಂದಿಗೂ ನಮ್ಮವರು ಹೊರಡುವುದು ಮಂಗಳೂರಿಗೆ, ಇಲ್ಲವೇ ದಕ್ಷಿಣಕ್ಕೆ ಪರಿಯಾರಂ, ಕೋಝಿಕ್ಕೋಡ್‌ಗೆ.

ಕೇರಳದಲ್ಲಿ ಇರುವುದು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಬಿಪಿಎಲ್ ಚೀಟಿ ಇದ್ದರೆ ತಾನಾಗಿ ಈ ಕಾರ್ಡ್ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 2011ರ ಸಾಮಾಜಿಕ ಆರ್ಥಿಕ ಗಣತಿಯ ಪಟ್ಟಿ ಮತ್ತು ಹಿಂದಿನ ವಿಮಾ ಯೋಜನೆಯಲ್ಲಿದ್ದ ಕುಟುಂಬಗಳ ಮೇಲೆ ಇದು ನಿಂತಿದೆ. ತರವಾಡಿನಿಂದ ಬೇರೆಯಾಗಿ ಹೊಸ ಮನೆ ಮಾಡಿದವರು, ಮದುವೆಯಾಗಿ ಗಡಿ ದಾಟಿ ಬಂದ ಸೊಸೆಯಂದಿರು ಎಷ್ಟೋ ಕಡೆ ಪಟ್ಟಿಯ ಹೊರಗೆ ಉಳಿದಿದ್ದಾರೆ. ಅಕ್ಷಯ ಕೇಂದ್ರಕ್ಕೆ ಹೋಗಿ ಆಧಾರ್, ಪಡಿತರ ಚೀಟಿ ಕೊಟ್ಟು ಪ್ರತಿಯೊಬ್ಬರ ಹೆಸರನ್ನೂ ನೋಡಿಸಿ. ಪಟ್ಟಿಯಲ್ಲಿಲ್ಲದ, ವಾರ್ಷಿಕ ಆದಾಯ 3 ಲಕ್ಷಕ್ಕಿಂತ ಕಡಿಮೆ ಇರುವ ಕುಟುಂಬಗಳಿಗೆ ಕಾರುಣ್ಯ ಬೆನವಲೆಂಟ್ ಫಂಡ್‌ನಿಂದ 2 ಲಕ್ಷದವರೆಗೆ ನೆರವಿದೆ. ಮಾಹಿತಿಗೆ ಕೇರಳದ ದಿಶಾ 1056, ಆಯುಷ್ಮಾನ್ ಸಹಾಯವಾಣಿ 14555.

ಕರ್ನಾಟಕದ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಇಲ್ಲಿ ಎಡವುವ ಜಾಗ ರೆಫರಲ್. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ಬರೆದುಕೊಡಬೇಕು. ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿ ಆಮೇಲೆ ಪತ್ರಕ್ಕೆ ವೆನ್ಲಾಕ್‌ಗೆ ಓಡುವುದು ದಿನ ಹಾಳು ಮಾಡುವ ಕೆಲಸ, ಕೊಳೆಯುತ್ತಿರುವ ಗಾಯ ಅಷ್ಟು ದಿನ ಕಾಯುವುದಿಲ್ಲ. ತುರ್ತು ಇದ್ದರೆ ರೆಫರಲ್ ಬೇಕಿಲ್ಲ. ಕಾಲು ದಿಢೀರನೆ ತಣ್ಣಗಾಗಿ, ಬಿಳುಚಿ, ತಡೆಯಲಾರದ ನೋವು ಬಂದರೆ ಅದು ತುರ್ತು. ಸುಮಾರು ಆರು ಗಂಟೆಯೊಳಗೆ ರಕ್ತ ಹರಿಯದಿದ್ದರೆ ಕಾಲಿನ ಮಾಂಸ ಸಾಯಲು ತೊಡಗುತ್ತದೆ. ಕಾರ್ಡ್ ಹುಡುಕುತ್ತಾ ಕೂರಬೇಡಿ, ಹೊರಡಿ.

ಕೇರಳದ ಕಾರ್ಡ್ ಮಂಗಳೂರಿನಲ್ಲಿ ನಡೆಯುತ್ತದೆಯೇ? ಆಯುಷ್ಮಾನ್ ನಿಯಮದಲ್ಲಿ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿ ಬಳಸಲು ಅವಕಾಶವಿದೆ. ಆದರೆ ಆಸ್ಪತ್ರೆಗಳು ನೋಂದಣಿಯಾಗುವುದು ವಿಭಾಗವಾರು. ಮೂಳೆಗೆ ಇದ್ದ ಆಸ್ಪತ್ರೆ ಹೃದಯ ಮತ್ತು ರಕ್ತನಾಳಕ್ಕೆ ಇರಬೇಕೆಂದಿಲ್ಲ. ಹೋಗುವ ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರಿಗೆ ಫೋನ್ ಮಾಡಿ "ನನ್ನದು ಕೇರಳದ ಕಾರ್ಡ್, ಕಾಲಿನ ಆ್ಯಂಜಿಯೊಪ್ಲಾಸ್ಟಿಗೆ ಆಗುತ್ತದಾ?" ಎಂದು ಇದೇ ಮಾತಿನಲ್ಲಿ ಕೇಳಿ. ಬರೀ "ಕಾರ್ಡ್ ಆಗುತ್ತದಾ?" ಎಂದು ಕೇಳಿದರೆ ಬರೀ "ಆಗುತ್ತದೆ" ಎಂಬ ಉತ್ತರ ಸಿಗುತ್ತದೆ. 70 ವರ್ಷ ದಾಟಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷದ ಆಯುಷ್ಮಾನ್ ಕಾರ್ಡ್ ಕೊಡುವ ಯೋಜನೆಯನ್ನು ಕೇಂದ್ರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿದೆ. ಅದರ ವಿಷಯದಲ್ಲೂ ಕಾರ್ಡ್ ಮಾಡಿಸಿದರೆ ಸಾಲದು, ಆಸ್ಪತ್ರೆ ಅದನ್ನು ಸ್ವೀಕರಿಸುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಗಲ್ಫ್‌ನಲ್ಲಿರುವವರಿಗೆ ಒಂದು ಮಾತು. ದುಬೈ, ಅಬುಧಾಬಿ, ಸೌದಿಯಲ್ಲಿ ಕಂಪೆನಿಯೇ ವಿಮೆ ಮಾಡಿಸುತ್ತದೆ, ಹಾಗಾಗಿ ಇಪ್ಪತ್ತು ವರ್ಷ ಇದರ ಯೋಚನೆಯೇ ಬರುವುದಿಲ್ಲ. ವೀಸಾ ಕ್ಯಾನ್ಸಲ್ ಆದಾಗ ಆ ವಿಮೆಯೂ ಮುಗಿಯಿತು. 55ನೇ ವಯಸ್ಸಿಗೆ ಶುಗರ್, ಬಿಪಿ ಹೊತ್ತುಕೊಂಡು ಊರಿಗೆ ಬಂದವರು ಇಲ್ಲಿ ಹೊಸ ಪಾಲಿಸಿ ತೆಗೆದರೆ, ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೆ ದುಡ್ಡು ಸಿಗದಿರಬಹುದು. 2024ರ ಮೊದಲು ಈ ಮಿತಿ 4 ವರ್ಷ ಇತ್ತು. ಕಾಲಿನ ತೊಂದರೆ ತಲೆ ಎತ್ತುವುದು ಸರಿಯಾಗಿ ಇದೇ ವರ್ಷಗಳಲ್ಲಿ. ಆದ್ದರಿಂದ ಊರಿನ ಪಾಲಿಸಿಯನ್ನು ಅಲ್ಲಿರುವಾಗಲೇ, ಆರೋಗ್ಯ ಚೆನ್ನಾಗಿರುವಾಗಲೇ ಶುರು ಮಾಡಿದರೆ ಬರುವ ಹೊತ್ತಿಗೆ ಕಾಯುವ ಅವಧಿ ಮುಗಿದಿರುತ್ತದೆ. ನೋರ್ಕಾ ಐಡಿ ಕಾರ್ಡ್ ಇರುವ ಅನಿವಾಸಿಗಳಿಗೆ ಕೇರಳ ಸರಕಾರ 2025ರಲ್ಲಿ 5 ಲಕ್ಷದ ನೋರ್ಕಾ ಕೇರ್ ವಿಮೆ ತಂದಿದೆ, ಕಾಸರಗೋಡಿನವರು ಅದನ್ನೂ ವಿಚಾರಿಸಬಹುದು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ.

ಪ್ರೀಮಿಯಂ ಕಟ್ಟುವ ವಿಮೆ ಶರೀಅತ್ ಪ್ರಕಾರ ಸರಿಯೇ ಎಂಬ ಪ್ರಶ್ನೆ ಇದ್ದೇ ಇದೆ. ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ, ತೀರ್ಪು ಹೇಳುವುದು ಈ ಲೇಖನದ ಕೆಲಸವಲ್ಲ. ಆದರೆ ಸರಕಾರ ತನ್ನ ಖರ್ಚಿನಲ್ಲಿ ಕೊಡುವ ಕಾರ್ಡನ್ನೂ "ಅದು ಇನ್ಶೂರೆನ್ಸ್" ಎಂದು ಮಾಡಿಸದೆ ಬಿಟ್ಟವರಿದ್ದಾರೆ. ಸಂಶಯವಿದ್ದರೆ ನಿಮ್ಮ ಖಾಝಿಯವರಲ್ಲೋ ಖತೀಬರಲ್ಲೋ ಈಗಲೇ ಕೇಳಿ, ಐಸಿಯು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಅದಲ್ಲ.

ಖಾಸಗಿ ಪಾಲಿಸಿ ತೆಗೆಯುವವರು ಹೆಚ್ಚಾಗಿ ಸಿಕ್ಕಿಬೀಳುವುದು ಅರ್ಜಿಯಲ್ಲಿ. "ಶುಗರ್ ಇದೆ ಎಂದು ಬರೆಯಬೇಡಿ, ಪ್ರೀಮಿಯಂ ಜಾಸ್ತಿಯಾಗುತ್ತದೆ" ಎನ್ನುವ ಏಜೆಂಟರಿದ್ದಾರೆ. ಬರೆಯದೆ ಬಿಟ್ಟಿರಿ ಎನ್ನಿ. ಎರಡು ವರ್ಷದ ಮೇಲೆ ಕಾಲಿನ ಗಾಯಕ್ಕೆ ಅಡ್ಮಿಟ್ ಆದಾಗ ಡಾಕ್ಟರ್ ಕೇಳುತ್ತಾರೆ, ಉಪ್ಪ ಸತ್ಯ ಹೇಳುತ್ತಾರೆ: ಹನ್ನೆರಡು ವರ್ಷದಿಂದ ಶುಗರ್. ಅದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ, ಕಂಪೆನಿ ಕ್ಲೈಮ್ ತಿರಸ್ಕರಿಸುತ್ತದೆ. ಕಟ್ಟಿದ ಪ್ರೀಮಿಯಂ ನೀರಿಗೆ ಹೋಯಿತು. ಮುಚ್ಚಿಟ್ಟದ್ದು ಸುಳ್ಳು ಎನ್ನುವುದು ಒಂದು ಕಡೆ, ಅದು ಲಾಭವಿಲ್ಲದ ಸುಳ್ಳು ಕೂಡ. ಪಾಲಿಸಿಯನ್ನು ಬಿಡದೆ 5 ವರ್ಷ ನಡೆಸಿದ ಮೇಲೆ ವಂಚನೆ ಸಾಬೀತಾಗದ ಹೊರತು ಹಳೆಯ ಮಾಹಿತಿಯ ಕಾರಣ ಹೇಳಿ ಕ್ಲೈಮ್ ನಿರಾಕರಿಸುವಂತಿಲ್ಲ. ಅದಕ್ಕೇ ನವೀಕರಣದ ದಿನ ತಪ್ಪಿಸಬಾರದು.

ರೂಮಿನ ಬಾಡಿಗೆಯ ಮಿತಿಯನ್ನೂ ನೋಡಿ. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ 1 ಶೇಕಡಾ ಎಂದಿದ್ದರೆ 3,000 ರೂಪಾಯಿ ರೂಮು. "ನೋಡಲು ಜನ ಬರುತ್ತಾರೆ" ಎಂದು 6,000ದ ರೂಮು ಹಿಡಿದರೆ ಕಡಿತವಾಗುವುದು ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ. ಡಾಕ್ಟರ್ ಫೀಸು, ಥಿಯೇಟರ್, ನರ್ಸಿಂಗ್ ಚಾರ್ಜಿನಲ್ಲೂ ಅರ್ಧ ಕಡಿತವಾಗಬಹುದು. ಮದ್ದು, ಸ್ಟೆಂಟಿನ ಬೆಲೆಗೆ ಈ ಲೆಕ್ಕ ಇಲ್ಲ. ಉಬ್ಬಿದ ರಕ್ತನಾಳ, ಅಂದರೆ ವೆರಿಕೋಸ್ ವೇನ್ಸ್‌ಗೆ ಹಲವು ಪಾಲಿಸಿಗಳಲ್ಲಿ ಮೊದಲ 2 ವರ್ಷ ದುಡ್ಡು ಸಿಗುವುದಿಲ್ಲ.

ಕ್ಯಾಶ್‌ಲೆಸ್ ಒಪ್ಪಿಗೆಯನ್ನು ಕಂಪೆನಿ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿನ ಅಂತಿಮ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ತಿಳಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. ಕ್ಲೈಮ್ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆಯಿರಿ. ಮೊದಲು ಕಂಪೆನಿಗೇ ದೂರು ಕೊಡಬೇಕು. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕೇರಳದವರಿಗೆ ಕೊಚ್ಚಿ ಕಚೇರಿ, ಕರ್ನಾಟಕದವರಿಗೆ ಬೆಂಗಳೂರು. ಒಂದು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.